ಅರ್ಧ ಟೆರಾಬೈಟ್

ಕುತೈಸಿಯಲ್ಲಿ ರಿಯೋನಿ ಹೊಳೆಯ ಸೇತುವೆ ಇಳಿದರೆ
ಬೀಗ ರಿಪೇರಿಯವನ ಪಕ್ಕ ನನ್ನ ಅಂಗಡಿ.
ಆರಡಿ ಅಗಲ. ಮೊಣಕೈ ಚಾಚಿದರೆ ಕೇಬಲ್ಲು ಉದುರುತ್ತವೆ.
ಡಿಸೆಂಬರಿನ ಒಂದು ಗುರುವಾರ ತ್ಸಿಸಾನಾ ಬಂದಳು,
ಕರವಸ್ತ್ರದಲ್ಲಿ ಸುತ್ತಿದ ಹಾರ್ಡ್ ಡಿಸ್ಕನ್ನು
ಕೋಳಿಮರಿಯ ಹಾಗೆ ಎರಡೂ ಅಂಗೈಯಲ್ಲಿ ಹಿಡಿದು.
‘ಟಕ್ ಟಕ್ ಅಂತಿತ್ತು, ಮಲ್ಖಾಜ್.
ನಿನ್ನೆಯಿಂದ ಅದೂ ಇಲ್ಲ.’

ತಿರುಗಿಸಿ ನೋಡಿದೆ. ಯಾರದೋ ಹಳೆ ಕಂಪ್ಯೂಟರಿನಿಂದ ಕಿತ್ತದ್ದು.
ಒಂದು ಮೂಲೆ ಜಜ್ಜಿತ್ತು.
‘ಇದು ಕಚೇರಿ ಗುಮಾಸ್ತ, ಕಲ್ಬತೋನೋ ತ್ಸಿಸಾನಾ,
ಸಂಜೆ ಐದಕ್ಕೆ ಮನೆಗೆ ಹೊರಡುವ ಜಾತಿ.
ನೀವು ಹಿಡಿದು ರಾತ್ರಿ ಪಹರೆಗೆ ನಿಲ್ಲಿಸಿದಿರಿ.
ಕ್ಯಾಮೆರಾಕ್ಕೆ ಬೇರೆಯೇ ಬರುತ್ತದೆ:
ಹಗಲು, ಇರುಳು, ಹಬ್ಬ ಅನ್ನದೆ ಬರೆಯುತ್ತಲೇ ಇರುತ್ತದೆ,
ಬರೆದದ್ದನ್ನು ಓದುವವರೇ ಇಲ್ಲ,
ಅದಕ್ಕೆ ಆ ಬೇಸರವೂ ಇಲ್ಲ.
ನಿಧಾನ ತಿರುಗುತ್ತದೆ, ತಣ್ಣಗಿರುತ್ತದೆ.’

ಮಾತಿಗೆ ಕೂತರೆ ನಾನು ಏಳುವವನಲ್ಲ.
ರಟ್ಟಿನ ಮೇಲೆ ಲೆಕ್ಕ ಬರೆದೆ: ನಾಲ್ಕು ಕ್ಯಾಮೆರಾ,
ಒಂದೊಂದು ದಿನಕ್ಕೆ ಇಪ್ಪತ್ತು ಜಿಬಿ ನುಂಗುತ್ತದೆ, ಎಂಬತ್ತಾಯಿತು.
ನಾಲ್ಕು ಟಿಬಿ ಹಾಕಿದರೆ ಐವತ್ತು ದಿನ,
ಎಂಟು ಹಾಕಿದರೆ ನೂರು.
‘ತುಂಬಿದ ಮೇಲೆ?’
‘ಹಳೆಯ ದಿನದ ತೊಡೆಯ ಮೇಲೆ ಹೊಸ ದಿನ ಕೂರುತ್ತದೆ.
ಒಂದು ಬೆಳಗು ಬಂದರೆ ಒಂದು ಬೆಳಗು ಹೋಯಿತು.’

ಅವಳು ರಟ್ಟನ್ನು ತನ್ನ ಕಡೆ ತಿರುಗಿಸಿಕೊಂಡಳು.
‘ಆರು ದಿನಕ್ಕೆ ಎಷ್ಟು ಬೇಕು?’

ನಾನು ನಕ್ಕೆ. ಅವಳು ನಗಲಿಲ್ಲ.
‘ನಮ್ಮ ಭಾವ ಜುಂಬೆರ್ ಗೊತ್ತಲ್ಲ, ಪೊಲೀಸಿನಲ್ಲಿದ್ದವನು.
ಕ್ಯಾಮೆರಾ ಹಾಕಿಸಿದ್ದೂ ಅವನೇ.
ಭಾನುವಾರ ಮಧ್ಯಾಹ್ನ ಬರುತ್ತಾನೆ, ಖಾಚಾಪುರಿ ಮುರಿಯುತ್ತ
ನನ್ನ ವಾರವನ್ನೆಲ್ಲ ಓಡಿಸಿ ನೋಡುತ್ತಾನೆ.
ಸಂಜೆ ಅವನ ಕಾರು ತಿರುವು ದಾಟಿದ ಮೇಲೆ,
ರಾತ್ರಿ, ಮೂರನೇ ಕ್ಯಾಮೆರಾದಲ್ಲಿ...’

ನಿಲ್ಲಿಸಿದಳು. ಬೀಗದವನ ಅರ ಕಿರುಗುಟ್ಟುವುದು ಮುಗಿಯಲೆಂದು ಕಾದಳೇನೋ.

‘ಎತೇರಿ ಬರುತ್ತಾಳೆ, ಗೋಡೆಯಾಚೆಯ ಎತೇರಿ.
ಸೌದೆ ರಾಶಿಯಿಂದ ನಾಲ್ಕೇ ತುಂಡು.
ಐದು ಯಾವತ್ತೂ ಇಲ್ಲ.
ತೆಗೆದ ಜಾಗ ಕಾಣದ ಹಾಗೆ ಮತ್ತೆ ಜೋಡಿಸುತ್ತಾಳೆ,
ನಾನೇ ಅಷ್ಟು ಚೆನ್ನಾಗಿ ಜೋಡಿಸಿರಲಿಲ್ಲ.
ಬಿದ್ದ ತೊಗಟೆ ಆಯುತ್ತಾಳೆ.
ಹೋಗುವಾಗ ಕ್ಯಾಮೆರಾ ಕಡೆ ನೋಡಿ
ಫೋಟೋ ತೆಗೆಸಲು ನಿಂತವಳಂತೆ
ತಲೆವಸ್ತ್ರ ಸರಿಮಾಡಿಕೊಳ್ಳುತ್ತಾಳೆ.’

‘ನೀವೇ ಕೊಡಬಹುದಲ್ಲ?’
‘ಎರಡು ಸಲ ಕೊಡಲು ಹೋದೆ.
ನಮ್ಮ ಮನೆ ಬೆಚ್ಚಗಿದೆ ಅಂದಳು. ಅವಳ ಬಾಯಿಂದ ಹಬೆ ಬರುತ್ತಿತ್ತು.’

‘ಸೆಟ್ಟಿಂಗಿನಲ್ಲೇ ದಿನ ಕಮ್ಮಿ ಮಾಡಿದರೆ?’
‘ಸೆಟ್ಟಿಂಗ್ ಅವನಿಗೆ ಗೊತ್ತು.
ಡಿಸ್ಕಿನ ಹೊಟ್ಟೆಯೇ ಚಿಕ್ಕದಾದರೆ ಯಾರನ್ನು ಬೈಯುತ್ತಾನೆ?’

ಭಾನುವಾರ ಮಧ್ಯಾಹ್ನದಿಂದ ಹಿಂದಕ್ಕೆ ಬೆರಳು ಮಡಚಿದೆ.
ಶನಿ, ಶುಕ್ರ, ಗುರು, ಬುಧ, ಮಂಗಳ, ಸೋಮ.
ಸೋಮವಾರ ಮಧ್ಯಾಹ್ನಕ್ಕೆ ಬೆರಳು ನಿಂತಿತು.
ಅದರಾಚೆಯ ರಾತ್ರಿ ಯಾರ ಲೆಕ್ಕಕ್ಕೂ ಇಲ್ಲ.

ಏಣಿ ಹಾಕಿ ಅಟ್ಟದಿಂದ ತೆಗೆದೆ:
ಪಹರೆಯದೇ ಡಿಸ್ಕು, ಅರ್ಧ ಟಿಬಿ,
ಈಗ ಯಾರೂ ಕೇಳುವುದಿಲ್ಲ, ತಯಾರಿಸುವುದೂ ಇಲ್ಲ.
ಊದಿದರೆ ಧೂಳು ನನ್ನ ಚಹಾಕ್ಕೇ ಬಿತ್ತು.

ಬಾಗಿಲ ಹತ್ತಿರ ಹೋದವಳು ತಿರುಗಿ ಬಂದಳು.
‘ಸತ್ತದ್ದನ್ನು ಯಾರಾದರೂ ಓದಬಲ್ಲರೇ?’
‘ತ್ಬಿಲಿಸಿಯಲ್ಲಿ ಒಬ್ಬನಿದ್ದಾನೆ. ದುಡ್ಡು ಕೊಟ್ಟರೆ ಹೆಣವನ್ನೂ ಮಾತಾಡಿಸುತ್ತಾನೆ.’
ಕರವಸ್ತ್ರ ಮಾತ್ರ ಬಿಡಿಸಿಕೊಂಡಳು.
‘ಹಾಗಾದರೆ ಇದು ನಿನ್ನ ಹತ್ತಿರವೇ ಇರಲಿ.’
ಜಜ್ಜಿದ ಮೂಲೆಯ ಬಗ್ಗೆ ನಾನು ಕೇಳಲಿಲ್ಲ.

ನನ್ನ ಬೆನ್ನ ಹಿಂದೆ ನಾಲ್ಕು ಟಿಬಿ, ಎಂಟು ಟಿಬಿ,
ಸೀಲು ಒಡೆಯದ ಪೆಟ್ಟಿಗೆಗಳು ಸೂರಿನವರೆಗೆ.
ಬಿಲ್ಲಿನ ಕೆಳಗೆ, ಜುಂಬೆರನ ಕಣ್ಣಿಗೆ ಬೀಳುವಷ್ಟು ದಪ್ಪಗೆ ಬರೆದೆ:
‘ಇದಕ್ಕಿಂತ ದೊಡ್ಡದು ಸ್ಟಾಕಿನಲ್ಲಿ ಇರಲಿಲ್ಲ.’